ಕಂಡದ್ದು, ಕೇಳಿದ್ದು

ಪಾಣತ್ತಡಿಯಲ್ಲಿ ಬಸ್ಸಿಳಿದು ಜೀಪು ಹತ್ತುವಾಗ
ರಾಣಿಪುರದ ಗುಡ್ಡಕ್ಕಿನ್ನೂ ಎಚ್ಚರವಿಲ್ಲ.
ಮೇಲೆ ಗೇಟಿನ ಬಳಿ ವಾಚರ್ ಚಿರುಂಡನ್
ಹೊಗೆಸೊಪ್ಪಿನ ನೀರು ಚಿಮುಕಿಸುತ್ತಾನೆ ಕಾಲುಚೀಲಕ್ಕೆ:
"ನಿಮಗೆ ಪೆನ್ಷನ್ ಆದ್ದು ಇಂಬಳಕ್ಕೆ ಗೊತ್ತಿಲ್ಲ ಟೀಚರೇ."

ಟೀಚರಲ್ಲ ನಾನು. ಎಷ್ಟು ಸಲ ಹೇಳುವುದು.
ಕುಂಬಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಕಿವಿಯಿಂದ ಉಂಡವಳು.
ಬೊಂಬಾಯಿಯ ಗಂಡ, ಉಪ್ಪಳದ ಹೆಂಡತಿ
ಅಳು ಶುರುವಾಗುವ ಹೊತ್ತಿಗೆ ಸರಿಯಾಗಿ
ಮೂರು ನಿಮಿಷ ಆಯಿತೆಂದು
ನಡುವೆ ಬಾಯಿ ಹಾಕಿದವಳು.

ಗಣತಿಯ ಹಾಳೆಯಲ್ಲಿ ಎರಡು ಕಲಮು:
ಕಂಡದ್ದು, ಕೇಳಿದ್ದು.
ಮಳೆಕಾಡಿನೊಳಗೆ ಮೊದಲನೆಯದು ಹೆಚ್ಚುಕಡಿಮೆ ಖಾಲಿ.
ಇಲ್ಲಿ ಕಣ್ಣೆಂದರೆ
ಕತ್ತು ನೋಯಿಸಲಿಕ್ಕೆ ಇರುವ ಅಂಗ.

ಒದ್ದೆ ಬೈರಾಸು ಕೊಡವಿದ ಸದ್ದು ಮೇಲೆಲ್ಲೋ: ಮಂಗಟ್ಟೆ, ಎರಡು.
ಕುಟ್ರು, ಬ್ಯಾಂಕಿನ ಕ್ಯಾಷಿಯರನ ಹಾಗೆ
ಒಂದೇ ಕಟ್ಟನ್ನು ಮತ್ತೆ ಮತ್ತೆ ಎಣಿಸುತ್ತ.
ತೊರೆಯ ಹತ್ತಿರ ಸಿಳ್ಳಾರ,
ಅರ್ಧ ಮರೆತ ಹಾಡನ್ನು ಮೊದಲಿಂದ ಹುಡುಕುತ್ತ.
ಯಾರ ಮೇಲೋ ಸಿಟ್ಟಾಗಿ ಕೆಂಜಳಿಲು.
ಬರೆದೆ. ಬರೆದೆ. ಪೆನ್ಸಿಲು ಚುರುಕಾಗಿತ್ತು.

"ಬದನಿಕೆ ಹಕ್ಕಿ, ಮೂರು," ಅಂದಳು ರಂಸೀನ.
ಎಲ್ಲಿ?
"ನಿಮ್ಮ ತಲೆಯ ಮೇಲೆಯೇ. ಆಗದಿಂದ ಟಿಕ್ ಟಿಕ್ ಅಂತುಂಟು.
ಕೇಳುದಿಲ್ವಾ?"

ಕತ್ತೆತ್ತಿದೆ.
ಒಂದು ಹಿಡಿ ಎಲೆ, ಎಲೆಯ ಸಂದಿನಲ್ಲಿ
ಹೆಬ್ಬೆರಳಷ್ಟು ಜೀವ.
ಕೊಕ್ಕು ತೆರೆಯುತ್ತದೆ. ಮುಚ್ಚುತ್ತದೆ. ತೆರೆಯುತ್ತದೆ.
ಲೈನು ಸತ್ತಿದೆ.

ಹದಿಮೂರು ವರ್ಷದ ಪುಸ್ತಕಗಳಿವೆ ಮನೆಯ ಕಪಾಟಿನಲ್ಲಿ.
ಬದನಿಕೆ: ನಲವತ್ತು, ಮೂವತ್ತೊಂದು, ಹದಿನೆಂಟು, ಏಳು.
ಹೋದ ವರ್ಷ ಸೊನ್ನೆ.
ಕಾಞಂಗಾಡಿನ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ,
ಗಂಟಲು ಕಟ್ಟಿ ಬಂದಿತ್ತು:
ಹೋಗುತ್ತಿವೆ, ಸಣ್ಣವು ಮೊದಲು ಹೋಗುತ್ತಿವೆ.
ಯಾರೋ ಬರೆದುಕೊಂಡರು. ಯಾರೋ ಚಹಾ ತಂದುಕೊಟ್ಟರು.

ಆ ಸೊನ್ನೆ ಈಗ ಯಾರದು?
ಕೆಳಗಿನಿಂದ ರಬ್ಬರು ಗುಡ್ಡ ಹತ್ತಿ ಬಂದದ್ದು ಸುಳ್ಳಲ್ಲ.
ಬದನಿಕೆ ಹಬ್ಬಿದ್ದ ಮರಗಳು ಲಾರಿ ಹತ್ತಿದ್ದು ಸುಳ್ಳಲ್ಲ.
ಆದರೆ ಹೋದದ್ದರಲ್ಲಿ ಕಾಡಿನ ಪಾಲೆಷ್ಟು, ಕಿವಿಯ ಪಾಲೆಷ್ಟು,
ಬಿಡಿಸಿ ಕೊಡುವ ತಕ್ಕಡಿ ಎಲ್ಲಿ?
ನಮ್ಮ ಹಿತ್ತಿಲಲ್ಲಿ ಜೀರುಂಡೆ ನಿಂತು ಮೂರು ವರ್ಷವಾಯಿತೆಂದು,
ರಾತ್ರಿಗಳಿಗೆ ಕೊನೆಗೂ ಮರ್ಯಾದೆ ಬಂತೆಂದು
ಖುಷಿಪಟ್ಟವಳು ನಾನೇ ಅಲ್ಲವೆ.

ಕಾಡು ತಟ್ಟನೆ ಮುಗಿದು ಹುಲ್ಲು.
ಗಾಳಿ ಕೇಳುತ್ತದೆ, ಗಾಳಿಯದು ದಪ್ಪ ದನಿ.
ಚಿರುಂಡನ್ ನಿಂತು ಮೂಗು ಅಗಲಿಸಿದ: ಆನೆ,
ಬೆಳಗಿನ ಜಾವ, ಮರಿ ಜೊತೆಗುಂಟು.
ನೂರು ಹೆಜ್ಜೆ ಆಚೆ ಲದ್ದಿ, ಇನ್ನೂ ಬಿಸಿ,
ಪಕ್ಕದಲ್ಲಿ ತೆಂಗಿನಕಾಯಿಯಷ್ಟು ಚಿಕ್ಕದೊಂದು.
"ಮೂಸಿದ್ದು ಬರೆಯಲಿಕ್ಕೆ ಜಾಗ ಇಲ್ವಾ ನಿಮ್ಮ ಹಾಳೆಯಲ್ಲಿ?"
ಇಲ್ಲ. ಅಂಚಿನಲ್ಲಿ ಬರೆದೆ.
ಅದರ ಕೆಳಗೆ ಇದನ್ನೂ: ಬದನಿಕೆ, ಮೂರು. ಇದ್ದವು.

ಹುಲ್ಲಿನ ಮೇಲೆ ಟುವ್ವಿಯೊಂದು ಏರುತ್ತಿತ್ತು, ಇಳಿಯುತ್ತಿತ್ತು,
ಏರಿದಾಗೊಮ್ಮೆ ಕೂಗುವ ಜಾತಿ.
ಎಡಗೈ ಮುಂದೆ ಚಾಚಿದೆ.
ಕೂಗಿದಾಗಲೆಲ್ಲ ತಟ್ಟು, ಅಂದೆ.
ರಂಸೀನ ನಗಲಿಲ್ಲ. ಕಣ್ಣು ಮುಚ್ಚಿ,
ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು
ನಾಡಿ ನೋಡುವವರ ಹಾಗೆ.

ತಟ್ಟಿದಳು.
ತಟ್ಟಿದಳು.
ಮಂಜು ಬಂತು. ಹಕ್ಕಿ ಕಾಣಲಿಲ್ಲ.
ಮತ್ತೊಮ್ಮೆ ತಟ್ಟಿದಳು.
ಆಮೇಲೆ ಬಹಳ ಹೊತ್ತು ಏನಿಲ್ಲ.

ನಾನು ಲೈನು ಕಡಿಯಲಿಲ್ಲ.